ಉಳ್ಳಾಗಡ್ಡಿ ನಡುವಿನ ಹಕ್ಕರಕಿ

ರೊಟ್ಟಿ ಊಟಕ್ಕೆ ಕುಂತಾಗ ತಾಟಿನ ಬಾಜೂ ಹಸಿ ತಪ್ಪಲು ಇರಬೇಕು. ಮೆಂತೆ, ಮೂಲಂಗಿ, ಉಳ್ಳಾಗಡ್ಡಿ ತಪ್ಪಲು ಎಲ್ಲ ಇದ್ದರೂ ನನಗೆ ಹಕ್ಕರಕಿಯೇ ಬೇಕು. ಹುಬ್ಬಳ್ಳಿಯಲ್ಲಿ ಮನೆ ಕಟ್ಟಿದ ವರ್ಷ, ದಸರಾ ಮುಗಿದ ಕೂಡಲೇ ಹಿತ್ತಲಲ್ಲಿ ಒಂದು ಮಡಿ ಮಾಡಿ ಬರೀ ಹಕ್ಕರಕಿ ಹಾಕಿದೆ. ಬೀಜದ ಮೇಲೆ ಎರಡು ಬೆರಳು ಮಣ್ಣು ಎಳೆದೆ. ಹದಿನೈದು ದಿನ ಕಾದರೂ ಒಂದು ಮೊಳಕೆ ಇಲ್ಲ. ಯರಿಮಣ್ಣು ಬಿರುಕು ಬಿಟ್ಟಿತ್ತು.

ದೀಪಾವಳಿಗೆ ರೋಣದ ಕಡೆಯ ಹಳ್ಳಿಯಿಂದ ಅವ್ವ ಬಂದಳು. ಜೋಳದ ಹೊಲದ ಅಂಚಿಗೆ ಕುಸುಬಿಯ ಅಕ್ಕಡಿ ಸಾಲು ಹಾಕಿ, ಅದರ ಮುಳ್ಳಿನಿಂದಲೇ ದನ ತಡೆದವಳು ಅವಳು. ಮಡಿ ನೋಡಿ ಅಂದಳು: "ಇದನ್ನೊಂದ ಹಾಕಿದ್ಯೇನವ್ವಾ? ಉಳ್ಳಾಗಡ್ಡಿ ನಡುವ ಹಾಕ್ಬೇಕು. ಮ್ಯಾಲ ಉದುರಸ್ಬೇಕು, ಹೂಳಾಕ ಅದೇನ್ ಶೇಂಗಾ ಏನ?"

ಸೆರಗಿನ ಗಂಟು ಬಿಚ್ಚಿದಳು. ಉಸಿರು ಬಿಟ್ಟರೆ ಹಾರುವಷ್ಟು ಹಗುರ ಬೀಜ, ತುದಿಗೆ ಬಿಳಿ ಪುಚ್ಚ. ಮುಷ್ಟಿ ಉಸುಕಿನಲ್ಲಿ ಕಲಸಿ, ಉಳ್ಳಾಗಡ್ಡಿ ಅಗಿ, ಅಂದರೆ ಸಸಿ, ಹಚ್ಚಿದ ಸಾಲುಗಳ ನಡುವೆ ಚೆಲ್ಲಿ, ಅಂಗೈಯಿಂದ ಮೆಲ್ಲಗೆ ಒತ್ತಿದಳು. ಅಂಚಿಗೆ ಮೆಂತೆ ಹಾಕಿದಳು.

ಉಳ್ಳಾಗಡ್ಡಿ ತಪ್ಪಲು ನೆಟ್ಟಗೆ ನಿಲ್ಲುತ್ತದೆ, ನೆರಳು ಕೊಡುವುದಿಲ್ಲ. ಹಕ್ಕರಕಿ ನೆಲಕ್ಕೆ ಅಂಟಿಕೊಂಡು, ಗರಗಸದಂಥ ಎಲೆಗಳನ್ನು ಸುತ್ತಲೂ ಚಾಚಿ, ಸಾಲಿನ ಬರಿ ನೆಲವನ್ನೆಲ್ಲ ಮುಚ್ಚಿತು. ಕಳೆಗೆ ಜಾಗ ಉಳಿಯಲಿಲ್ಲ, ಮಣ್ಣು ಬೇಗ ಒಣಗಲೂ ಇಲ್ಲ. ತಿಂಗಳೊಳಗೆ ಮೆಂತೆ ಕಿತ್ತಾಗ ಆ ಕಡೆಗೂ ಹರಡಿತು.

ಎಳ್ಳ ಅಮಾವಾಸ್ಯೆಯ ಬೆಳಿಗ್ಗೆ ಮೊದಲ ಸಲ ಕೊಯ್ದೆ. ಕುಡಗೋಲು ತಾಗಿದಲ್ಲೆಲ್ಲ ಬಿಳಿ ಹಾಲು ಜಿನುಗಿತು, ಒಣಗುತ್ತಾ ಬೆರಳಿಗೆ ಅಂಟಾಯಿತು. ಪೇಟೆಯ ಲೆಟ್ಯೂಸ್ ದಂಟು ಮುರಿದರೂ ಇಂಥದೇ ಹಾಲು. ಎರಡೂ ಸೂರ್ಯಕಾಂತಿಯ ಕುಟುಂಬದವೇ. ಆದರೆ ಹಕ್ಕರಕಿಯ ಆ ಸಣ್ಣ ಕಹಿ ಲೆಟ್ಯೂಸಿಗೆ ಎಲ್ಲಿ ಬರಬೇಕು!

ಉಪ್ಪುನೀರಲ್ಲಿ ತೊಳೆದು, ಹೆಚ್ಚಿ, ಅದೇ ಮಡಿಯ ಎಳೆ ಉಳ್ಳಾಗಡ್ಡಿ ಸೇರಿಸಿದೆ. ಗುರೆಳ್ಳು ಚಟ್ನಿಪುಡಿ, ಉಪ್ಪು, ಮೇಲೆ ಹಸಿ ಕುಸುಬಿ ಎಣ್ಣೆ. ಪಚಡಿಗೆ ಇಷ್ಟು ಸಾಕು. ಒಲೆಗೆ ಇಟ್ಟರೆ ಕೆಟ್ಟಿತು. ಸಜ್ಜಿ ರೊಟ್ಟಿ, ಗಟ್ಟಿ ಮೊಸರಿನ ಜೊತೆ ಮನೆಮಂದಿಯೆಲ್ಲ ಬೋಗುಣಿ ಖಾಲಿ ಮಾಡಿದೆವು.

ನಾಲ್ಕು ಗಿಡ ಬೀಜಕ್ಕೆ ಬಿಟ್ಟೆ. ಹಳದಿ ಹೂ ಬಂದಾಗ ಎಲೆ ಕಹಿಯಾಗಿ ತಿನ್ನಲು ಆಗುತ್ತಿರಲಿಲ್ಲ. ಒಂದು ಬೆಳಿಗ್ಗೆ ಉಳ್ಳಾಗಡ್ಡಿ ತುದಿಗೆಲ್ಲ ಬಿಳಿ ಪುಚ್ಚ ಸಿಕ್ಕಿಕೊಂಡಿತ್ತು. ಅವ್ವನಿಗೆ ಫೋನು ಹಚ್ಚಿದೆ. "ಗಾಳಿ ಬಿಡೂಕಿಂತ ಮೊದ್ಲ ಬಿಡಸ್ಕೊಳವ್ವಾ" ಅಂದಳು. ಫೋನು ಕಟ್ಟೆಯ ಮೇಲಿಟ್ಟು ಮಡಿಗೆ ಇಳಿದೆ.