ಕಾಫಿ ಕಪ್ಪಿನೊಳಗಿದ್ದರೂ ಬ್ರಾಂದಿ ಬ್ರಾಂದಿಯೇ

ಬೆಳಗಾವಿಯ ಉದ್ಯಮಬಾಗದಲ್ಲಿ ಒಂದು ಎರಕದ ಕಾರ್ಖಾನೆ. ಅಲ್ಲಿ ಸುರಕ್ಷತೆಯ ಜವಾಬ್ದಾರಿ ನನ್ನದು. ಭಟ್ಟಿಯಲ್ಲಿ ಬೀಡು, ಅಂದರೆ ಎರಕದ ಕಬ್ಬಿಣ, ಕರಗಿಸಿ ಪಂಪು, ವಾಲ್ವುಗಳ ಬಾಡಿ ಎರಕ ಹೊಯ್ಯುತ್ತೇವೆ. ಪಕ್ಕದ ಶೆಡ್ಡಿನಲ್ಲಿ ಅವುಗಳ ಮಷಿನಿಂಗ್ ಆಗುತ್ತದೆ. ಹೆಲ್ಮೆಟ್, ಬೂಟು, ಕನ್ನಡಕ ಎಂದರೆ ಇಲ್ಲಿ ಗೊಣಗಾಟ ಮಾತ್ರ. ಜಗಳ ಬರುವುದು ಕುಡಿತದ ವಿಷಯಕ್ಕೆ. ಅದರಲ್ಲೂ ನಾನು ಕಂಡ ದೊಡ್ಡ ಜಗಳ ಕಾಮಗಾರರದ್ದಲ್ಲ, ಊಟ ಮುಗಿಸಿ ಕಾಫಿ ಕುಡಿದು ಬಂದ ಸಾಹೇಬರದ್ದು.

ಮೊದಲು ಲ್ಯಾಡಲ್ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಈ ಜಗಳ ಯಾಕೆ ಅಂತ ಹೊರಗಿನವರಿಗೆ ತಿಳಿಯುವುದಿಲ್ಲ. ಸಣ್ಣ ಎರಕಗಳಿಗೆ ನಮ್ಮಲ್ಲಿ ಇಬ್ಬರು ಹೊರುವ ಲ್ಯಾಡಲ್ ಇದೆ. ಉದ್ದನೆಯ ಕಬ್ಬಿಣದ ಹಿಡಿಕೆ, ನಡುವೆ ಬಕೆಟ್ಟಿನಂಥ ಪಾತ್ರೆ, ಅದರೊಳಗೆ 1,400 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಕರಗಿದ ಬೀಡು. ಮುಂದಿನವನು ಹೊರುತ್ತಾನೆ. ಹಿಂದಿನವನು ಹೊರುವುದರ ಜೊತೆಗೆ ಹಿಡಿಕೆ ತಿರುಗಿಸಿ ಮೋಲ್ಡಿನ (ಮರಳಿನ ಅಚ್ಚಿನ) ಬಾಯಿಗೆ ಹೊಯ್ಯುತ್ತಾನೆ. ಇಬ್ಬರ ಹೆಜ್ಜೆಯೂ ಕೂಡಿ ಬೀಳಬೇಕು, ಒಬ್ಬ ನಿಂತಾಗ ಇನ್ನೊಬ್ಬನೂ ನಿಲ್ಲಬೇಕು. ಒಬ್ಬ ಅರೆಗಳಿಗೆ ತಡ ಮಾಡಿದರೆ ಬೀಡು ತುಳುಕುತ್ತದೆ. ತುಳುಕಿದ್ದು ಒದ್ದೆ ನೆಲಕ್ಕೆ ಬಿತ್ತೋ, ಅಲ್ಲಿದ್ದ ನೀರು ಕಣ್ಣು ಮಿಟುಕಿಸುವಷ್ಟರಲ್ಲಿ ಉಗಿಯಾಗಿ 1,600 ಪಟ್ಟಿಗೂ ಹೆಚ್ಚು ಹಿಗ್ಗಿ, ಬೀಡನ್ನು ಸುತ್ತಲೂ ಸಿಡಿಸುತ್ತದೆ. ಈ ಜೋಡಿಯಲ್ಲಿ ಒಬ್ಬ ಕುಡಿದಿದ್ದರೆ ಸುಡುವುದು ಇನ್ನೊಬ್ಬನ ಕಾಲೂ ಆಗಬಹುದು. ಕುಡಿತ ಅವರವರ ಸ್ವಂತ ವಿಷಯ ಎಂಬ ಮಾತನ್ನು ನಾನು ಮನೆಯ ಮಟ್ಟಿಗೆ ಒಪ್ಪುತ್ತೇನೆ, ಲ್ಯಾಡಲ್ ಮುಟ್ಟುವ ಪಾಳಿಯ ಮಟ್ಟಿಗೆ ಒಪ್ಪುವುದಿಲ್ಲ.

ಹಾಗಾಗಿ ಪಾಳಿಗೆ ಮುಂಚೆ ಕಾಮಗಾರರ ಗೇಟಿನಲ್ಲಿ ಉಸಿರು ಪರೀಕ್ಷೆ. ಹಿಂದೆ ಇದು ವಾಚ್‌ಮನ್ ಮೂಗಿನ ಮೇಲೆ ನಡೆಯುತ್ತಿತ್ತು. ಗುಟ್ಕಾ ಜಗಿದು, ಏಲಕ್ಕಿ ಕಡಿದು ಬಂದವನು ಪಾಸು, ಹಲ್ಲುನೋವಿಗೆ ಲವಂಗದ ಎಣ್ಣೆ ಹಚ್ಚಿಕೊಂಡು ಬಂದವನು ಅನುಮಾನಕ್ಕೆ ಗುರಿ. ಈಗ ಮೀಟರ್ ಇದೆ. ಒಬ್ಬೊಬ್ಬರಿಗೂ ಬಾಯಿಗಿಡುವ ಹೊಸ ಪ್ಲಾಸ್ಟಿಕ್ ಪೈಪು ಹಾಕಿ, ಒಂದೇ ಸಮನೆ ಊದಿಸಬೇಕು. ಅಂಕಿ ಬಂದರೆ ತಕ್ಷಣ ಕಳ್ಳನ ಹಾಗೆ ಹಿಡಿಯಬಾರದು. ಮೌತ್‌ವಾಶ್, ಕೆಲವು ಕೆಮ್ಮಿನ ಔಷಧಿ, ಆಗಷ್ಟೇ ಗುಟುಕರಿಸಿದ ಮದ್ಯ ಇವು ಬಾಯಲ್ಲೇ ಉಳಿದು ಅಂಕಿ ಏರಿಸುತ್ತವೆ. ನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳಿ, 15 ನಿಮಿಷ ಕೂರಿಸಿ, ಮತ್ತೆ ಊದಿಸಿದರೆ ನಿಜವಾದ ಲೆಕ್ಕ ಸಿಗುತ್ತದೆ. ಗೇಟಿನಲ್ಲಿರುವವರು ಸೇನೆಯಿಂದ ನಿವೃತ್ತರಾದ ಹವಾಲ್ದಾರರು. ಈ 15 ನಿಮಿಷದ ನಿಯಮವನ್ನು ಅವರಷ್ಟು ಚೊಕ್ಕವಾಗಿ ಪಾಲಿಸಿದವರನ್ನು ನಾನು ನೋಡಿಲ್ಲ. "ರಮ್ ನಮಗೂ ಸಿಗ್ತಿತ್ರಿ ಸಾಹೇಬ್ರ. ಆದ್ರ ಡ್ಯೂಟಿ ಮ್ಯಾಲೆ ಇದ್ದಾಂವ ಮುಟ್ಟಂಗಿಲ್ಲ," ಎನ್ನುತ್ತಾರೆ.

ಆಫೀಸಿನ ಗೇಟಿನಲ್ಲಿ ಮಾತ್ರ ಮೀಟರ್ ಇರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ. ಅಲ್ಲಿ ಅದು ಬೇಕು ಅಂತ ಯಾರಿಗೂ ಅನ್ನಿಸಿರಲಿಲ್ಲ, ಅಷ್ಟೇ.

ಹೊಸ ಮಷಿನ್ ಚಾಲೂ ಮಾಡಿಕೊಡಲು ಇಟಲಿಯಿಂದ ಒಬ್ಬ ಎಂಜಿನಿಯರ್ ಬಂದಿದ್ದರು. ಮಧ್ಯಾಹ್ನ ಕ್ಯಾಂಪ್ ಕಡೆಯ ಹೋಟೆಲಿನಲ್ಲಿ ಅವರಿಗೆ ಊಟ. ನಮ್ಮ ಪ್ರೊಡಕ್ಷನ್ ಮ್ಯಾನೇಜರ್, ಖರೀದಿ ವಿಭಾಗದ ಒಬ್ಬರು ಮತ್ತು ನಾನು ಜೊತೆಗಿದ್ದೆವು. ಊಟದ ಕೊನೆಗೆ ಅತಿಥಿ ಕಾಫಿ ಕೇಳಿದರು, ಅದಕ್ಕೆ ಒಂದು ಗುಟುಕು ಬ್ರಾಂದಿ ಬೆರೆಸಲು ಹೇಳಿದರು. ಅವರ ಕಡೆ ಅದಕ್ಕೆ 'ಕಾಫೆ ಕೊರೆತ್ತೊ' ಅನ್ನುತ್ತಾರೆ. ಸಣ್ಣ ಕಪ್ಪಿನ ಎಸ್ಪ್ರೆಸೊಗೆ ಗ್ರಾಪಾ ಎಂಬ ದ್ರಾಕ್ಷಿ ಮದ್ಯದ ನಾಲ್ಕು ಹನಿ ಹಾಕುವುದು ಅಲ್ಲಿ ಹಳೆಯ ರೂಢಿ. ಸ್ಪೇನಿನಲ್ಲಿ ಇದೇ ಬಗೆಯ ಕಾಫಿಗೆ 'ಕರಾಹಿಯೊ' ಎಂಬ ಹೆಸರು. ಮೆನುವಿನಲ್ಲಿ ಐರಿಶ್ ಕಾಫಿ ಇದ್ದದ್ದನ್ನು ನೋಡಿ ನಮ್ಮವರಿಬ್ಬರೂ ಅದನ್ನು ತರಿಸಿಕೊಂಡರು. ವೇಟರ್ ಅದನ್ನು ಶ್ರದ್ಧೆಯಿಂದ ತಯಾರಿಸಿದ. ಗಾಜಿನ ಗ್ಲಾಸನ್ನು ಬಿಸಿನೀರಿನಲ್ಲಿ ಕಾಯಿಸಿ, ಸಕ್ಕರೆ, ವಿಸ್ಕಿ, ಬಿಸಿ ಕಾಫಿ ಹಾಕಿ ಕದಡಿ, ಚಮಚದ ಬೆನ್ನ ಮೇಲಿನಿಂದ ಕ್ರೀಮ್ ಇಳಿಬಿಟ್ಟ. ಕಪ್ಪು ಕಾಫಿಯ ಮೇಲೆ ಬೆಳ್ಳಗೆ ಕೆನೆ ನಿಂತಿತು. ನೋಡಲು ಚಂದ, ಕುಡಿದವರು ರುಚಿಯೂ ಚಂದ ಅಂದರು.

ಊಟದ ನಡುವೆ ಬಿಯರ್ ಬೇಕೇ ಎಂದು ವೇಟರ್ ಕೇಳಿದಾಗ ಇದೇ ಮ್ಯಾನೇಜರ್, "ಕೆಲಸದ ಹೊತ್ತಿನ್ಯಾಗ ಬ್ಯಾಡಪಾ" ಎಂದಿದ್ದರು. ಕಾಫಿ ಎಂಬ ಹೆಸರು ಬಂದ ಕೂಡಲೇ ಆ ಎಚ್ಚರ ಸಡಿಲವಾಯಿತು. ಬಾಟಲಿಯಲ್ಲಿದ್ದರೆ ದಾರೂ, ಕಪ್ಪಿನಲ್ಲಿದ್ದರೆ ಮರ್ಯಾದೆಯ ಪೇಯ. ಇದು ನಮ್ಮ ಊರಿನ ಕಾಯಿಲೆ ಮಾತ್ರ ಅಲ್ಲ. ಉತ್ತರ ಜರ್ಮನಿಯ ನೋರ್ಡ್‌ಸ್ಟ್ರಾಂಡ್ ಕಡೆ 'ಫಾರಿಸೇಯರ್' ಎಂಬ ಕಾಫಿ ಇದೆ. ಹತ್ತೊಂಬತ್ತನೇ ಶತಮಾನದಲ್ಲಿ ಒಂದು ನಾಮಕರಣದ ಊಟಕ್ಕೆ ಕುಡಿತದ ಕಡುವಿರೋಧಿ ಪಾದ್ರಿ ಬಂದಿದ್ದರಂತೆ. ಮನೆಯವರು ಕಾಫಿಗೆ ರಮ್ ಹೊಯ್ದು, ವಾಸನೆ ಏಳದಿರಲೆಂದು ಮೇಲೆ ದಪ್ಪಗೆ ಕ್ರೀಮ್ ಮುಚ್ಚಿದರು. ರಮ್ ಇದ್ದ ಕಪ್ಪು ತಪ್ಪಿ ಪಾದ್ರಿಯ ಕೈಗೇ ಹೋಯಿತು, ಅವರು ಇವರನ್ನೆಲ್ಲ ಕಪಟಿಗಳೆಂದು ಬೈದರು, ಬೈಗುಳವೇ ಪೇಯದ ಹೆಸರಾಯಿತು ಎಂದು ಅಲ್ಲಿಯವರು ಹೇಳುತ್ತಾರೆ. ಐರಿಶ್ ಕಾಫಿಯ ಕಥೆ ಬೇರೆ. 1940ರ ದಶಕದಲ್ಲಿ ಐರ್ಲೆಂಡಿನ ಫೋಯ್ನ್ಸ್‌ನಲ್ಲಿ, ನೀರಿನ ಮೇಲೆ ಇಳಿಯುವ ವಿಮಾನಗಳ ನಿಲ್ದಾಣದಲ್ಲಿ, ಜೋ ಶೆರಿಡನ್ ಎಂಬ ಬಾಣಸಿಗ ಚಳಿಯಲ್ಲಿ ನಡುಗುತ್ತಿದ್ದ ಪ್ರಯಾಣಿಕರಿಗೆ ಮಾಡಿಕೊಟ್ಟದ್ದು. ಪ್ರಯಾಣಿಕರಿಗೆ ಎಂಬ ಮಾತನ್ನು ನಾನು ಒತ್ತಿ ಹೇಳುತ್ತೇನೆ. ವಿಮಾನ ನಡೆಸುವವರಿಗಾಗಿ ಹುಟ್ಟಿದ ಪೇಯ ಅದಲ್ಲ.

ಕಾರ್ಖಾನೆಗೆ ವಾಪಸು ಬಂದಾಗ ನಾನು ಕಾಮಗಾರರ ಗೇಟಿನಿಂದ ಮೀಟರ್ ತರಿಸಿದೆ.

"ಏನ್ರಿ ಇದು, ನಮ್ಮ ಬಾಯಿಗೂ ಹಿಡೀತೀರೇನು?" ಮ್ಯಾನೇಜರ್ ಮುಖ ಕೆಂಪಾಯಿತು.

"ಹೌದ್ರಿ ಸರ್. ಈಗ ಫ್ಲೋರಿಗೆ ಹೋಗೋರು ಎಲ್ಲಾರೂ ಊದಬೇಕ್ರಿ. ನಾನೂ ಊದತೀನಿ."

"ನಾವು ಕುಡದದ್ದು ಕಾಫಿ. ದಾರೂ ಅಲ್ಲ."

ನಾನು ಮೊದಲು ಊದಿದೆ. ಆಮೇಲೆ ಅತಿಥಿ, ಒಂದು ಮಾತೂ ಆಡದೆ. ಆಮೇಲೆ ಅವರಿಬ್ಬರು. ನನ್ನನ್ನು ಬಿಟ್ಟು ಮೂವರಿಗೂ ಅಂಕಿ ಬಂತು. 15 ನಿಮಿಷ ಕೂತು ಮತ್ತೆ ಊದಿದರು, ಅಂಕಿ ಇಳಿದಿತ್ತು, ಸೊನ್ನೆ ಆಗಿರಲಿಲ್ಲ. "30ರ ಒಳಗ ಅದ. ಪೊಲೀಸರೂ ಬಿಡ್ತಾರ," ಎಂದರು ಮ್ಯಾನೇಜರ್. ಅವರ ಮಾತು ಸುಳ್ಳಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಕಲಮು 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ದಾಟಿದರೆ ಮಾತ್ರ ಅಪರಾಧ ಎನ್ನುತ್ತದೆ. ಆದರೆ ಅದು ರಸ್ತೆಯ ಗೆರೆ. ನಮ್ಮ ಕಾಮಗಾರರಿಗೆ ನಾವೇ ಹಾಕಿದ ಗೆರೆ ಸೊನ್ನೆ. 20 ಬಂದ ಹೆಲ್ಪರ್‌ನನ್ನು ಬೆಳಿಗ್ಗೆ ಮನೆಗೆ ಕಳಿಸಿ, 20 ಬಂದ ಮ್ಯಾನೇಜರನ್ನು ಮಧ್ಯಾಹ್ನ ಭಟ್ಟಿಯ ಮುಂದೆ ನಿಲ್ಲಿಸಿದರೆ ನಾಳೆ ನಾನು ಯಾವ ಬಾಯಿಂದ ಗೇಟಿನಲ್ಲಿ ಮಾತಾಡಲಿ? ಇದನ್ನು ಅವರಿಗೆ ಹಾಗೆಯೇ ಹೇಳಿದೆ. ಅವರು ಸಿಟ್ಟಿನಿಂದಲೇ ಆಫೀಸಿನ ಕಡೆ ಹೋದರು, ಫ್ಲೋರಿಗೆ ಹೋಗಲಿಲ್ಲ. ಅಷ್ಟು ಸಾಕಾಗಿತ್ತು.

ಇನ್ನೊಂದು ತಪ್ಪು ತಿಳಿವಳಿಕೆ ಆವತ್ತು ಮುಂದೆ ಬಂತು. ಕಾಫಿ ಜೊತೆ ಕುಡಿದರೆ ನಿಶೆ ಏರುವುದಿಲ್ಲ, ಇಳಿಯುತ್ತದೆ ಎಂಬುದು. ಐರಿಶ್ ಕಾಫಿಗೆ ಹಾಕುವ 40 ಮಿಲಿ ವಿಸ್ಕಿಯಲ್ಲಿ ಶುದ್ಧ ಮದ್ಯಸಾರ ಸುಮಾರು 12–13 ಗ್ರಾಂ. ಸಾಮಾನ್ಯ ಮೈಕಟ್ಟಿನವರ ಪಿತ್ತಜನಕಾಂಗ ಗಂಟೆಗೆ ಹೆಚ್ಚುಕಡಿಮೆ 7ರಿಂದ 10 ಗ್ರಾಂ ಕರಗಿಸುತ್ತದೆ. ಕಾಫಿ, ತಣ್ಣೀರ ಸ್ನಾನ, ಲಿಂಬೆ ರಸ ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ಕೆಫೀನ್ ಮಾಡುವುದು ಒಂದೇ: ತೂಕಡಿಕೆ ಓಡಿಸುತ್ತದೆ. ಕೈ ನಿಧಾನವಾಗಿಯೇ ಇರುತ್ತದೆ, ನಿಧಾನವಾಗಿದೆ ಎಂಬ ಅರಿವು ಮಾತ್ರ ಹೋಗುತ್ತದೆ. ಭಟ್ಟಿಯ ಮುಂದೆ ತೂಕಡಿಸುವವನಿಗೆ ಇದಕ್ಕಿಂತ ನಾನು ಕಡಿಮೆ ಹೆದರುತ್ತೇನೆ, ಯಾಕೆಂದರೆ ಅವನನ್ನು ಪಕ್ಕದವನು ನೋಡಿ ಎಬ್ಬಿಸುತ್ತಾನೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರ ನವೆಂಬರಿನಲ್ಲಿ ಕೆಫೀನ್ ಬೆರೆಸಿ ಡಬ್ಬಿಯಲ್ಲಿ ಮಾರುತ್ತಿದ್ದ ಮದ್ಯಗಳ ತಯಾರಕರಿಗೆ ಎಚ್ಚರಿಕೆ ಪತ್ರ ಕಳಿಸಿದ್ದು ಈ ಮರೆಮಾಚುವ ಗುಣದ ಕಾರಣಕ್ಕೇ.

"ಫಾರಿನ್‌ದಾಗ ಇದೆಲ್ಲಾ ನಡೀತದ್ರಿ," ಎಂದು ಖರೀದಿ ವಿಭಾಗದವರು ಸಮಾಧಾನದ ಧಾಟಿಯಲ್ಲಿ ಹೇಳಿದರು. ಉತ್ತರ ಕೊಟ್ಟವರು ಅತಿಥಿಯೇ. ಇಟಲಿಯಲ್ಲಿ 2001ರ ಕಾನೂನು ಅಪಾಯದ ಕೆಲಸಗಳಲ್ಲಿ ಕುಡಿತವನ್ನು ಪೂರ್ತಿ ನಿಷೇಧಿಸಿದೆ, ಆ ಕೆಲಸಗಳ ಪಟ್ಟಿಯಲ್ಲಿ ಲೋಹ ಕರಗಿಸುವ ಭಟ್ಟಿ ನಡೆಸುವವರೂ ಇದ್ದಾರೆ ಎಂದರು. ಸಂಜೆಯ ತನಕ ಡ್ರಾಯಿಂಗ್ ನೋಡುತ್ತ ಕೂತರು, ಮಷಿನ್ ಮುಟ್ಟಲಿಲ್ಲ. ಯುರೋಪಿನಲ್ಲಿ ಸಡಿಲ ಇದ್ದ ಕಡೆಯೂ ಗಂಟು ಬಿಗಿಯಾಗುತ್ತ ಬಂದಿದೆ. ಬ್ರಿಟಿಷ್ ನೌಕಾಪಡೆ ನಾವಿಕರಿಗೆ ದಿನವೂ ಕೊಡುತ್ತಿದ್ದ ರಮ್ಮನ್ನು 1970ರ ಜುಲೈ 31ಕ್ಕೆ ನಿಲ್ಲಿಸಿತು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಕಂಪನಿ 2010ರಲ್ಲಿ ಬಿಯರನ್ನು ಊಟದ ಹೊತ್ತಿಗೆ ಮಾತ್ರ ಸೀಮಿತ ಮಾಡಿದಾಗ ನೌಕರರು ಮುಷ್ಕರ ಹೂಡಿದ್ದರು. ಬಿಯರ್ ಮಾಡುವ ಕಂಪನಿಯೇ ಆ ಜಗಳಕ್ಕೆ ಇಳಿಯಬೇಕಾಯಿತು ಎಂದ ಮೇಲೆ ಎರಕದ ಕಾರ್ಖಾನೆಯವರು ಹಿಂಜರಿಯುವುದು ಯಾಕೆ?

ಸಾಹೇಬರೂ ಊದಿದ ಸುದ್ದಿ ಸಂಜೆ ಚಹಾದ ಹೊತ್ತಿಗೆ ಮೋಲ್ಡಿಂಗ್ ವಿಭಾಗಕ್ಕೆ ತಲುಪಿತ್ತು. ಅಲ್ಲಿನ ಹಿರಿಯ ಮೋಲ್ಡರ್ ಕಾಕಾ ಕೈಯ ಮರಳು ಝಾಡಿಸುತ್ತ ಬಂದು, "ನಮ್ಮ ನೈಂಟಿಗೆ ಅಷ್ಟ ಮೀಟರ್ ಇರ್ತೈತಿ ಅಂತ ತಿಳ್ಕೊಂಡಿದ್ನಿರಿ," ಎಂದರು. ಮುಂದೆ ಏನೂ ಹೇಳಲಿಲ್ಲ. ಆದರೆ ಕೆಲವು ದಿನಗಳ ನಂತರ, ವಾರದ ರಜೆಯ ಮರುದಿನ, ಲ್ಯಾಡಲ್ ಹೊರುವ ಹುಡುಗನೊಬ್ಬ ಗೇಟಿಗೆ ಬರುವ ಮೊದಲೇ ನನ್ನ ಹತ್ತಿರ ಬಂದ. "ಸಾಹೇಬ್ರ, ರಾತ್ರಿ ಜಾಸ್ತಿ ಆಗೇತ್ರಿ. ಇವತ್ತ ನನ್ನ ಲ್ಯಾಡಲ್ ಮ್ಯಾಲೆ ಹಾಕಬ್ಯಾಡ್ರಿ." ನಾನು ಈ ಕೆಲಸಕ್ಕೆ ಸೇರಿದಾಗಿನಿಂದ ಯಾರೂ ತಾವಾಗಿ ಬಂದು ಹೀಗೆ ಹೇಳಿರಲಿಲ್ಲ.

ಅವನು ಹೇಳಿದ್ದು ಎಷ್ಟು ದೊಡ್ಡ ವಿಷಯ ಎಂಬುದಕ್ಕೆ ಲೆಕ್ಕ ನೋಡಿ. ನಮ್ಮಲ್ಲಿ ಸಿಗುವ ಸಾಮಾನ್ಯ ವಿಸ್ಕಿಯ ತೀವ್ರತೆ 42.8 ಶೇಕಡ. 180 ಮಿಲಿಯ ಒಂದು ಕ್ವಾರ್ಟರಿನಲ್ಲಿ ಸುಮಾರು 60 ಗ್ರಾಂ ಮದ್ಯಸಾರ. ಅದು ಮೈಯಿಂದ ಹೋಗಲು 6ರಿಂದ 9 ತಾಸು ಬೇಕು. ರಾತ್ರಿ ಹನ್ನೊಂದಕ್ಕೆ ಮುಗಿಸಿ ಮಲಗಿದವನು ಬೆಳಗಿನ ಪಾಳಿಗೆ ಬರುವಾಗ, ತಲೆ ಹಗುರವಾಗಿದೆ ಎನ್ನಿಸಿದರೂ, ರಕ್ತದಲ್ಲಿ ಇನ್ನೂ ಉಳಿದಿರಬಹುದು. ಹೊರಡುವ ಮುಂಚೆ ಕಡಕ್ ಚಹಾ ಕುಡಿದು 'ಈಗ ಬರೋಬ್ಬರಿ ಆತು' ಎಂದುಕೊಳ್ಳುತ್ತಾರೆ. ಐರಿಶ್ ಕಾಫಿ ಕುಡಿದವರಿಗಾದ ಭ್ರಮೆಯೇ ಇದು, ಕಡಿಮೆ ಖರ್ಚಿನಲ್ಲಿ. ಏನಾದರೂ ಆದರೆ ಪೆಟ್ಟು ಮೈಗೆ ಮಾತ್ರ ನಿಲ್ಲುವುದಿಲ್ಲ. 1923ರ ಕಾರ್ಮಿಕ ಪರಿಹಾರ ಕಾಯ್ದೆಯಲ್ಲೂ, 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಬರೆದಿದ್ದಾರೆ: ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯ ಆಗದಿದ್ದ ಪಕ್ಷದಲ್ಲಿ, ಗಾಯಕ್ಕೆ ನೇರ ಕಾರಣ ಕುಡಿತ ಎಂದಾದರೆ ಪರಿಹಾರ ಕೊಡುವ ಹೊಣೆ ಮಾಲೀಕರ ಮೇಲಿಲ್ಲ. ಈ ಸಾಲನ್ನು ನಾನು ಪ್ರತಿ ಹೊಸ ಬ್ಯಾಚಿಗೆ ಕನ್ನಡದಲ್ಲೂ ಮರಾಠಿಯಲ್ಲೂ ಓದಿ ಹೇಳುತ್ತೇನೆ.

ಈಗ ಆಫೀಸಿನ ಗೇಟಿನಲ್ಲೂ ಒಂದು ಮೀಟರ್ ಇದೆ. ಮಧ್ಯಾಹ್ನ ಊಟಕ್ಕೆ ಹೊರಗೆ ಹೋಗಿ ಬಂದ ಯಾರೇ ಆಗಲಿ, ಗ್ರಾಹಕರಾಗಲಿ, ಆಡಿಟರ್ ಆಗಲಿ, ಫ್ಲೋರಿಗೆ ಇಳಿಯುವುದಾದರೆ ಊದಬೇಕು. ಮ್ಯಾನೇಜರ್ ಕೆಲವು ದಿನ ನನ್ನೊಡನೆ ಮಾತು ಬಿಟ್ಟಿದ್ದರು, ಈಗ ಅತಿಥಿಗಳಿಗೆ ಈ ನಿಯಮ ವಿವರಿಸುವವರು ಅವರೇ. ತಾನಾಗಿ ಬಂದು ಹೇಳಿದವನನ್ನು ಆ ಪಾಳಿಗೆ ಸ್ಟೋರ್‌ನಲ್ಲಿ ಪ್ಯಾಟರ್ನ್ (ಅಚ್ಚು ಮಾಡುವ ಮಾದರಿ) ಎಣಿಸಲು, ಲೇಬಲ್ ಹಚ್ಚಲು ಕೂರಿಸುತ್ತೇವೆ. ಪದೇ ಪದೇ ಬರುವವರ ಜೊತೆ ಬಾಗಿಲು ಹಾಕಿಕೊಂಡು ಮಾತಾಡುತ್ತೇನೆ. ವ್ಯಸನಮುಕ್ತಿ ಸಹಾಯವಾಣಿ 14446 ನೋಟಿಸ್ ಬೋರ್ಡಿನಲ್ಲಿದೆ, ಹೆಂಡತಿ ಅಥವಾ ತಾಯಿಗೂ ಕೊಡಲು ಚೀಟಿ ಮಾಡಿ ಇಟ್ಟಿದ್ದೇನೆ.

ಉಳಿದಿರುವುದು ಪಗಾರದ ಪ್ರಶ್ನೆ. ಹಾಗೆ ಸ್ಟೋರ್‌ನಲ್ಲಿ ಕೂತವನಿಗೆ ಆವತ್ತಿನ ಪ್ರೊಡಕ್ಷನ್ ಇನ್ಸೆಂಟಿವ್ ಕಡಿತವಾಗುತ್ತದೆ. ಊಟಕ್ಕೆ ಹೋಗಿ ಕಾಫಿ ಕುಡಿದು ಆಫೀಸಿನಲ್ಲೇ ಉಳಿದ ಸಾಹೇಬರ ಸಂಬಳದಲ್ಲಿ ಒಂದು ರೂಪಾಯಿಯೂ ಹೋಗಿರಲಿಲ್ಲ. ಇದನ್ನು ಸರಿಮಾಡಬೇಕೆಂದು ಬರೆದು ಕೊಟ್ಟಿದ್ದೇನೆ, ಸುರಕ್ಷತಾ ಸಮಿತಿಯ ಮುಂದಿನ ಸಭೆಯ ಮೊದಲ ವಿಷಯ ಅದೇ. ಅಲ್ಲಿ ಕಾಮಗಾರರ ಪರವಾಗಿ ಮಾತಾಡುವವರು ಮೋಲ್ಡರ್ ಕಾಕಾ.