ಕಿಮ್ಚಿಗೆ ನೂರಿಪ್ಪತ್ತು ರೂಪಾಯಿ

16 ನವೆಂಬರ್ 2025, ಭಾನುವಾರ
ಸದಾಶಿವಗಡ

ಇವತ್ತು ಮಧ್ಯಾಹ್ನ ಅಡುಗೆ ಮಾಡೋದು ಬೇಡ ಎಂದು ಇವರು ನಿನ್ನೆಯೇ ಹೇಳಿದ್ದರು. ಬೆಳಿಗ್ಗೆ ಬಂಗಡೆ ತಂದವಳನ್ನೂ ಗೇಟಿನಿಂದಲೇ ವಾಪಸ್ ಕಳಿಸಿದರು. ನಮ್ಮ ಮನೆಯಲ್ಲಿ ಭಾನುವಾರ ಬಂಗಡೆ ವಾಪಸ್ ಹೋಗೋದು ಸಣ್ಣ ವಿಷಯ ಅಲ್ಲ.

ಕಾರವಾರದಲ್ಲಿ ಕೊರಿಯನ್ ಹೋಟೆಲ್ ಶುರುವಾಗಿದೆ ಎಂದು ಮಗಳು ಫೋನಿನಲ್ಲಿ ತೋರಿಸಿದ್ದಳು. ಅವಳಿಗೆ ಕೊರಿಯನ್ ಸೀರಿಯಲ್ ಹುಚ್ಚು, ಸರಿ. ಆದರೆ ಅವಳಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಂತವರು ಅವಳ ಅಪ್ಪ.

ಇವರು ಹಡಗಿನಲ್ಲಿ ಫಿಟ್ಟರ್ ಆಗಿದ್ದವರು. 2004ರಲ್ಲಿ ಹಡಗು ರಿಪೇರಿಗೆಂದು ಕೊರಿಯಾದ ಬಂದರು ಬುಸಾನ್‌ನಲ್ಲಿ ಹತ್ತೊಂಬತ್ತು ದಿನ ನಿಂತಿತ್ತು. ಆ ಹತ್ತೊಂಬತ್ತು ದಿನದ ಕತೆಯನ್ನು ನಾನು ಇಪ್ಪತ್ತೊಂದು ವರ್ಷದಿಂದ ಕೇಳುತ್ತಿದ್ದೇನೆ. ಅಲ್ಲಿ ಜಗಾಲ್ಚಿ ಅಂತ ದೊಡ್ಡ ಮೀನುಪೇಟೆ. ಮಾರುವವರು ಹೆಚ್ಚಾಗಿ ಹೆಂಗಸರೇ. ಬಾಯಿ ನಮ್ಮ ಪೇಟೆಯವರಷ್ಟೇ ಜೋರಂತೆ. ಕೆಳಗೆ ಮೀನು ಆರಿಸಿದರೆ ಮೇಲಿನ ಮಹಡಿಯಲ್ಲಿ ಮಾಡಿ ಕೊಡುತ್ತಾರೆ. ಊಟಕ್ಕೆ ಕೂತ ಕೂಡಲೇ, ಕೇಳುವ ಮೊದಲೇ ಚಿಕ್ಕ ಚಿಕ್ಕ ಬಟ್ಟಲು ಬರುತ್ತವೆ. ಒಂದರಲ್ಲಿ ಕಿಮ್ಚಿ, ಅಂದರೆ ಉಪ್ಪು ಖಾರ ಹಚ್ಚಿಟ್ಟು ತಾನಾಗಿ ಹುಳಿ ಬರಿಸಿದ ಕೋಸು, ಒಂದರಲ್ಲಿ ಮೊಳಕೆ ಕಾಳು, ಇನ್ನೊಂದರಲ್ಲಿ ಸಣ್ಣ ಒಣಮೀನು. ಅದಕ್ಕೆ ಬಾಂಚಾನ್ ಅನ್ನುತ್ತಾರೆ. ಖಾಲಿಯಾದರೆ ಮತ್ತೆ ತುಂಬಿ ತರುತ್ತಾರೆ, ದುಡ್ಡಿಲ್ಲ. "ನಮ್ಮಲ್ಲಿ ಊಟಕ್ಕೆ ಸಾರು ಬಡಿಸಿದ ಹಾಗೆ ಮಾರಾಯ್ತಿ" ಎನ್ನುವಾಗ ಇವರ ದನಿ ಮೆತ್ತಗಾಗುತ್ತದೆ. ಕತೆಯಲ್ಲಿ ಈ ಜಾಗ ಬಂದರೆ ಇನ್ನು ಐದು ನಿಮಿಷದಲ್ಲಿ ಮುಗಿಯುತ್ತದೆ ಎಂದು ನನಗೆ ಗೊತ್ತು.

ಕಾಳಿ ಸೇತುವೆ ದಾಟಿ ಹೊರಟೆವು. ಹಳೆಯದು ಹೋದ ವರ್ಷ ಆಗಸ್ಟ್‌ನಲ್ಲಿ ಕುಸಿದ ಮೇಲೆ ಹೊಸ ಸೇತುವೆ ದಾಟುವಾಗಲೂ ನಾನು ಸುಮ್ನೆ ಒಮ್ಮೆ ಕೈ ಮುಗಿಯುತ್ತೇನೆ.

ಹೋಟೆಲಿನ ಹೆಸರು ಬರೆಯುವುದಿಲ್ಲ. ಅವರದ್ದೂ ಹೊಟ್ಟೆಪಾಡು. ಒಳಗೆ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹೂವು, ಗೋಡೆ ತುಂಬ ಹಾಡುವ ಹುಡುಗರ ಫೋಟೋ. ಮಗಳು ಪ್ರತಿಯೊಬ್ಬನ ಮುಂದೆಯೂ ಸೆಲ್ಫಿ ತೆಗೆದಳು. ಇವರು ಕೂತವರೇ ಬಟ್ಟಲು ಬರುತ್ತದೆ ಎಂದು ಕಾದರು. ನೀರಿನ ಲೋಟ ಬಂತು. ಟಿಶ್ಯೂ ಬಂತು. ಇವರು ಮೇಜಿನ ಮೇಲೆ ಜಾಗ ಮಾಡಿ, ಮೊಬೈಲ್ ಎತ್ತಿ ಜೇಬಿಗೆ ಹಾಕಿಕೊಂಡರು. ಬಟ್ಟಲು ಬರಲಿಲ್ಲ. ಮೆನು ನೋಡಿದರೆ ಕಿಮ್ಚಿ ಬೇರೆಯೇ, 120 ರೂಪಾಯಿ.

"ಇರಲಿ, ಬಾಡಿಗೆ ಜಾಸ್ತಿ ಇರಬೇಕು" ಎಂದು ಇವರೇ ಸಮಾಧಾನ ಹೇಳಿದರು.

ಬಿಬಿಂಬಾಪ್ ಅಂದರೆ ತರಕಾರಿ ಕಲಸಿ ತಿನ್ನುವ ಅನ್ನ. ಅದು ಕಾದ ಕಲ್ಲಿನ ಬಟ್ಟಲಲ್ಲಿ ಚುಂಯ್ ಅನ್ನುತ್ತ ಬರಬೇಕು, ತಳ ಹಿಡಿದ ಅನ್ನ ಕೆರೆದು ತಿನ್ನೋದೇ ರುಚಿ ಎಂದು ಕೇಳಿದ್ದೆ. ಬಂದದ್ದು ಪಿಂಗಾಣಿ ತಟ್ಟೆ, ಬಿಡಿಬಿಡಿ ಬಾಸ್ಮತಿ ಅನ್ನ, ಮೇಲೊಂದು ಆಮ್ಲೆಟ್. ಕೊರಿಯಾದ ಅನ್ನ ಅಂಟಂಟು, ಅದಕ್ಕೇ ಚಾಪ್‌ಸ್ಟಿಕ್‌ಗೆ ಸಿಗುತ್ತದೆ. ಈ ಅನ್ನ ಕಡ್ಡಿಯಿಂದ ಜಾರಿ ಇವರ ಅಂಗಿಯ ಮೇಲೆ ಬಿತ್ತು. ತೊಕ್‌ಪೊಕ್ಕಿ, ಅಂದರೆ ಖಾರದ ಸಾಸಿನಲ್ಲಿ ಬೇಯಿಸಿದ ಅಕ್ಕಿಹಿಟ್ಟಿನ ಕಡುಬು, ಬರೀ ರಬ್ಬರ್. ಅದರ ಕೆಂಪು ಸಾಸ್ ನಾಲಿಗೆಗೆ ತಾಗಿದ ಕೂಡಲೇ ನಾನೂ ಮಗಳೂ ಮುಖ ನೋಡಿಕೊಂಡೆವು. ಜಾತ್ರೆಯ ಗೋಬಿ ಮಂಚೂರಿ! ಜಾತ್ರೆಯಲ್ಲಿ ಅದೇ ಪ್ಲೇಟಿಗೆ ನಲವತ್ತು ರೂಪಾಯಿ, ಅಲ್ವಾ?

ಆಮೇಲೆ ಕಿಮ್ಚಿ. ಇವರು ಒಂದು ತುಂಡು ಎತ್ತಿ ಬಾಯಿಗಿಟ್ಟರು. ಕಟ್ ಅಂತ ಸದ್ದು ನನಗೂ ಕೇಳಿತು. ಹಸಿ ಕೋಸು. ಮೇಲೆ ಮೆಣಸಿನ ಪುಡಿ, ವಿನೆಗರ್, ಸಕ್ಕರೆ. ಹುಳಿ ಬಂದದ್ದಲ್ಲ, ಹುಳಿ ಹಾಕಿದ್ದು.

ಇವರು ಹುಡುಗನನ್ನು ಕರೆದು ಮೆಲ್ಲಗೆ ಕೇಳಿದರು, "ಹಳೇದು ಇದೆಯಾ ತಮ್ಮಾ? ನಾಲ್ಕು ದಿನದ್ದು?"

ಅವನಿಗೆ ಬೇಜಾರಾಯಿತು. "ಇಲ್ಲ ಸರ್, ನಮ್ಮಲ್ಲಿ ಹಳೇದು ಇಡೋದೇ ಇಲ್ಲ. ಎಲ್ಲಾ ಫ್ರೆಶ್, ಈಗಷ್ಟೇ ಮಾಡಿದ್ದು." ಒಳಗೆ ಹೋಗಿ ಮತ್ತೊಂದು ಬಟ್ಟಲು ತಂದ. ಇವರ ಮುಖ ಅರಳಿತು. "ನೋಡಿದ್ಯಾ, ತುಂಬಿ ತಂದ!" ಎಂದರು. ಅವನ ಕಡೆ ತಿರುಗಿ ತಲೆ ಬಾಗಿಸಿ "ಕಮ್ಸಾಹಮ್ನಿದಾ" ಎಂದು ಕೊರಿಯನ್ ಭಾಷೆಯಲ್ಲಿ ಥ್ಯಾಂಕ್ಸೂ ಹೇಳಿದರು. ಹುಡುಗ "ಏನ್ ಸರ್?" ಎಂದ.

ಬಿಲ್ಲಿನಲ್ಲಿ ಕಿಮ್ಚಿ ಎರಡು, 240. ಮಗಳ ನೂಡಲ್ಸ್ ಸೇರಿ ಒಟ್ಟು 1,428. ಜಗಳ ಆಡುತ್ತಾರೇನೋ ಅಂದುಕೊಂಡೆ. ಬಸ್ಸಿನಲ್ಲಿ ಎರಡು ರೂಪಾಯಿ ಚಿಲ್ಲರೆಗೆ ಆಡುವವರು. ಇವತ್ತು ಏನೂ ಹೇಳದೆ ಕೊಟ್ಟು ಬಂದರು. ಬರುವಾಗ ದಾರಿಯಿಡೀ ಮಾತಿಲ್ಲ. ಇನ್ನು ಬುಸಾನ್ ಕತೆ ಹೇಳುವುದಿಲ್ಲವೇನೋ ಅನ್ನಿಸಿ, ನನಗೇ ಒಂಥರಾ ಆಯಿತು.

ಸಂಜೆ ಪೇಟೆಗೆ ಹೋಗಿ ಎರಡು ಕೋಸು ತಂದಿದ್ದಾರೆ. ಅಲ್ಲಿಯ ಉದ್ದ ಕೋಸು ಇಲ್ಲಿ ಸಿಗಲಿಲ್ಲ, ಉರುಟಿನದ್ದೇ. ಮಿಡಿ ಹಾಕಲೆಂದು ಇಟ್ಟಿದ್ದ ನನ್ನ ಸಾಣಿಕಟ್ಟಾ ಹರಳುಪ್ಪಿನ ಡಬ್ಬಿ ಅರ್ಧ ಖಾಲಿ. ಬ್ಯಾಡಗಿ ಮೆಣಸು ಬಣ್ಣಕ್ಕೆ, ಬೆಳ್ಳುಳ್ಳಿ ಒಂದು ಹಿಡಿ, ಮೀನಿನ ಸಾಸ್ ಬದಲು ಒಣ ಶೆಟ್ಲಿ (ಸೀಗಡಿ) ಪುಡಿ ಅಂತೆ. ಶೆಟ್ಲಿ ಹುರಿದು ಪುಡಿ ಮಾಡಿದ್ದು ನಾನೇ. ಮಗಳು ಮೂಗು ಮುಚ್ಚಿಕೊಂಡು ವಿಡಿಯೋ ಮಾಡಿದಳು.

ಉಪ್ಪು ಹಿಡಿದ ಮೇಲೆ ಎಲೆಯ ದಂಟನ್ನು ಮಡಚಿದರೆ ಮುರಿಯದೆ ಬಾಗಬೇಕಂತೆ. ಅಲ್ಲಿಯತನಕ ಮಸಾಲೆ ಹಚ್ಚೋ ಹಾಗಿಲ್ಲ. ನಮ್ಮ ಮಿಡಿ ಸುಕ್ಕಾಗೋ ತನಕ ಕಾಯ್ತೇವಲ್ಲ, ಹಾಗೆ. ಆರು ಗಂಟೆಯಿಂದ ಅರ್ಧ ಗಂಟೆಗೊಮ್ಮೆ ಎದ್ದು ಹೋಗಿ ಒಂದು ಎಲೆ ಮಡಚಿ ನೋಡುತ್ತಿದ್ದಾರೆ.

ಈಗ ಹತ್ತೂವರೆ. ಅಡುಗೆಮನೆಯಿಂದ ಮತ್ತೆ ಕಟ್ ಅಂತ ಕೇಳಿತು. ನಾನು ಮಲಗುತ್ತೇನೆ.