ಪಿಸ್ತೂಲ್ ಗ್ರಿಪ್ಪಿಗೆ ಬೀಟೆ ಬೇಡ ಕಣ್ರೀ

ಮೈಸೂರಿನಲ್ಲಿ ಮರದ ಕೆಲಸ ಅಂದ ತಕ್ಷಣ ಎಲ್ಲರ ಬಾಯಲ್ಲೂ ಬೀಟೆ. ನಾನು ಶೂಟಿಂಗ್ ಸ್ಪರ್ಧೆಯ ಏರ್ ಪಿಸ್ತೂಲಿಗೆ ಮರದ ಗ್ರಿಪ್, ಅಂದ್ರೆ ಹಿಡಿ, ಮಾಡುತ್ತೇನೆ ಅಂತ ಗೊತ್ತಾದವರು ಮೊದಲು ಹೇಳೋದೂ ಅದನ್ನೇ: "ಬೀಟೆಯಲ್ಲಿ ಮಾಡಿ ಸಾರ್, ಮೇಲೊಂದು ಆನೆ ಇನ್‌ಲೇ ಹಾಕಿಸೋಣ." ಅರಮನೆಯ ಅಂಬಾವಿಲಾಸದ ಬಾಗಿಲು ನೋಡಿಕೊಂಡು ಬೆಳೆದ ಊರು ಇದು. ಬೀಟೆಗೆ ದಂತ ಕೂರಿಸಿದ ಆ ಕೆಲಸ ನೋಡಿದವರಿಗೆ ಬೇರೆ ಮರ ಸಪ್ಪೆ ಅನ್ನಿಸಿದರೆ ತಪ್ಪೇನಿಲ್ಲ. ಆದ್ರೂ ನನ್ನ ಉತ್ತರ ಒಂದೇ. ಬೇಡ.

ಮೊದಲನೆಯದು ಭಾರ. ಒಂದೇ ಅಳತೆಯ ತುಂಡು ತೂಗಿ ನೋಡಿದರೆ ಬೀಟೆ ಅಕ್ರೋಟಿಗಿಂತ ಸುಮಾರು ಕಾಲು ಭಾಗ ಜಾಸ್ತಿ ತೂಗುತ್ತದೆ. 10 ಮೀಟರ್ ಸ್ಪರ್ಧೆಯ ನಿಯಮ ಪಿಸ್ತೂಲಿನ ಭಾರವನ್ನು 1500 ಗ್ರಾಂ ತನಕ ಬಿಡುತ್ತದೆ, ಹಾಗಾಗಿ ತಕರಾರು ನಿಯಮದ್ದಲ್ಲ, ತೋಳಿನದ್ದು. 75 ನಿಮಿಷದಲ್ಲಿ 60 ಗುಂಡು, ಒಂದೊಂದಕ್ಕೂ ಒಂದೇ ಕೈ ಚಾಚಿ ನಿಲ್ಲಬೇಕು, ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಬರೀ 11.5 ಮಿಲಿಮೀಟರ್. ಕೊನೆಯ ಇಪ್ಪತ್ತು ಗುಂಡಿನ ಹೊತ್ತಿಗೆ ಭುಜ ಏನು ಹೇಳುತ್ತೆ ಅಂತ ಹೊಡೆದವರಿಗೇ ಗೊತ್ತು. ಇನ್ನು ಬೀಟೆಯಲ್ಲಿ ಎಣ್ಣೆ ಅಂಶ ಜಾಸ್ತಿ, ಅಂಟು ಸರಿಯಾಗಿ ಹಿಡಿಯಲ್ಲ. ಅದರ ಪುಡಿ ಕೆಲವರಿಗೆ ಮೈಯೆಲ್ಲ ತುರಿಕೆ ತರಿಸುತ್ತದೆ. ಇರೋ ಅಷ್ಟಿಷ್ಟು ಒಳ್ಳೇ ಬೀಟೆ ಮಂಡಿ ಮೊಹಲ್ಲಾದ ಇನ್‌ಲೇ ಕೆಲಸದವರಿಗೇ ಇರಲಿ ಬಿಡಿ.

ನನಗೆ ಅಕ್ರೋಟ್ ಇಷ್ಟ. ಕಾಶ್ಮೀರದ ತುಂಡು ಸಿಕ್ಕರೆ ಸರಿ, ಸಿಗದಿದ್ದರೆ ಹಳೇ ಹಲಸು. ಮಂಡ್ಯ ಕಡೆ ತೊಟ್ಟಿಮನೆ ಕೆಡವಿದಾಗ ಬರುವ ಹಲಸಿನ ತೊಲೆ ಇದೆಯಲ್ಲ, ಎಷ್ಟೋ ಮಳೆಗಾಲ ಕಂಡು ಒಣಗಿದ್ದು, ಅದು ಇನ್ನು ಸೊಟ್ಟಗಾಗೋದು ಕಡಿಮೆ. ವೀಣೆಗೂ ಅದೇ ಮರ ಹೋಗುತ್ತೆ ಅಲ್ವಾ?

ಲೈಸೆನ್ಸ್ ರಿವಾಲ್ವರ್ ಇರುವ ಒಬ್ಬಿಬ್ಬರು ಅದಕ್ಕೂ ಮಾಡಿಕೊಡಿ ಅಂತ ಬರುತ್ತಾರೆ. ಅದು ಬೇರೆಯೇ ಕೆಲಸ. ಎಡಕ್ಕೊಂದು ಬಲಕ್ಕೊಂದು ಮರದ ಪಟ್ಟಿ, ಮಧ್ಯೆ ಒಂದು ಸ್ಕ್ರೂ, ಮುಗೀತು. ಅಲ್ಲಿ ಬೇಕಾದರೆ ಬೀಟೆ ಹಾಕಿಸಿಕೊಳ್ಳಿ, ಆನೆ ಅಂಬಾರಿ ಎಲ್ಲ ಬಿಡಿಸಿಕೊಳ್ಳಿ. ಒಂದೇ ಮಾತು, ಹಳೇ ಪಟ್ಟಿ ಬಿಚ್ಚಿ ಅದನ್ನಷ್ಟೇ ಬಡಗಿಗೆ ಕೊಡಿ. ಲೈಸೆನ್ಸ್ ಗನ್ನನ್ನು ಬೇರೆಯವರ ಅಂಗಡಿಯಲ್ಲಿ ಬಿಟ್ಟು ಬರೋ ಹಾಗಿಲ್ಲ.

ಸ್ಪರ್ಧೆಯ ಗ್ರಿಪ್ಪಿಗೆ ಬರೋಣ. ಮೊದಲು ಒಳಗಿನ ಗೂಡು ಕೊರೆಯಬೇಕು, ಪಿಸ್ತೂಲಿನ ಲೋಹದ ಫ್ರೇಮ್ ಅದರೊಳಗೆ ಒಂಚೂರೂ ಅಲ್ಲಾಡದಂತೆ ಕೂರಬೇಕು. ಇದಕ್ಕೆ ಕಾಡಿಗೆಯಷ್ಟು ಒಳ್ಳೇ ಸಾಧನ ಇನ್ನೊಂದಿಲ್ಲ. ಲೋಹಕ್ಕೆ ತೆಳ್ಳಗೆ ಸವರಿ ಮರದೊಳಗೆ ಒತ್ತಿ ತೆಗೆದರೆ ಎಲ್ಲಿ ತಾಗುತ್ತೋ ಅಲ್ಲಿ ಕಪ್ಪು ಗುರುತು. ಆ ಗುರುತನ್ನಷ್ಟೇ ಸಣ್ಣ ಉಳಿಯಲ್ಲಿ ಕೆರೆದು ತೆಗೆಯಬೇಕು, ಮತ್ತೆ ಸವರಬೇಕು, ಮತ್ತೆ ಒತ್ತಬೇಕು, ಕಪ್ಪು ಒಂದೇ ಸಮ ಬರೋ ತನಕ. ಮನೆಯಲ್ಲಿ ಕಾಡಿಗೆ ಡಬ್ಬಿ ಯಾಕೆ ಖಾಲಿ ಆಗುತ್ತೆ ಅಂತ ಈಗ ಯಾರೂ ಕೇಳಲ್ಲ.

ಹೊರಗಿನ ಆಕಾರಕ್ಕೆ ಕುಂಕುಮ. ಒಂದು ತೊಟ್ಟು ಎಣ್ಣೆಯಲ್ಲಿ ಕಲಸಿ ಅಂಗೈಗೆ ಹಚ್ಚಿಕೊಂಡು ಗ್ರಿಪ್ ಹಿಡಿದು ಬಿಟ್ಟರೆ ಒತ್ತಡ ಬೀಳುವ ಜಾಗ ಕೆಂಪಾಗುತ್ತದೆ. ಮಧ್ಯದ ಬೆರಳು, ಉಂಗುರದ ಬೆರಳು ಮರವನ್ನು ನೇರ ಹಿಂದಕ್ಕೆ ಎಳೆಯಬೇಕು. ಹೆಬ್ಬೆರಳು, ಕಿರುಬೆರಳು ಸುಮ್ನೆ ಕೂತಿರಬೇಕು. ಟ್ರಿಗರ್ ಬೆರಳಿನ ಬದಿಗೆ ಮರ ತಾಗಲೇಬಾರದು. ಅಲ್ಲಿ ಕೆಂಪು ಕಂಡರೆ ಅರ ತಗೊಂಡು ಧಾರಾಳವಾಗಿ ಉಜ್ಜಿ. ತಾಗಿದರೆ ಟ್ರಿಗರ್ ಎಳೆದಾಗ ಇಡೀ ಪಿಸ್ತೂಲೇ ಪಕ್ಕಕ್ಕೆ ಸರಿಯುತ್ತೆ.

ಆಮೇಲೆ ನಿಜವಾದ ಪರೀಕ್ಷೆ. ಖಾಲಿ ಪಿಸ್ತೂಲು ಹಿಡಿದು, ಕಣ್ಣು ಮುಚ್ಚಿ, ಗುರಿಯ ಕಡೆ ಕೈ ಎತ್ತಿ, ಕಣ್ಣು ಬಿಡಿ. ಮುಂದಿನ ಸೈಟು, ಅಂದ್ರೆ ಗುರಿ ನೋಡುವ ಕಡ್ಡಿ, ಹಿಂದಿನ ಸೈಟಿನ ಕಚ್ಚಿನ ಮಧ್ಯೆ ಇದ್ದರೆ ಗ್ರಿಪ್ ಗೆದ್ದಿದೆ. ಪಕ್ಕಕ್ಕೆ ಸರಿದಿದ್ದರೆ ಅಂಗೈ ಕೂರುವ ಉಬ್ಬಿನಲ್ಲಿ ತೆಗೆಯಬೇಕು ಇಲ್ಲವೇ ತುಂಬಬೇಕು, ಮೇಲೆ ಕೆಳಗೆ ಆಗಿದ್ದರೆ ಗ್ರಿಪ್ಪಿನ ಓರೆಯಲ್ಲೇ ಐಬು. ಮಣಿಕಟ್ಟು ತಿರುಚಿ ಸೈಟು ಸರಿಮಾಡಿಕೊಳ್ಳುವವರನ್ನು ರೇಂಜಿನಲ್ಲಿ ದಿನಾ ನೋಡುತ್ತೇನೆ. ಸಾವಿರಾರು ರೂಪಾಯಿ ಪೆಲೆಟ್ ಸುಡುತ್ತಾರೆ, ಅರ ಮಾತ್ರ ಮುಟ್ಟಲ್ಲ!

ಇನ್ನು ಸ್ಪರ್ಧೆಯ ನಿಯಮ. ಅಂಗೈ ಕೂರುವ ಕೆಳಗಿನ ಶೆಲ್ಫನ್ನು ಮೇಲಕ್ಕೆ ಬಾಗಿಸಬೇಡಿ, ಅದಕ್ಕೂ ಗ್ರಿಪ್ಪಿಗೂ ನಡುವೆ 90 ಡಿಗ್ರಿಗಿಂತ ಕಡಿಮೆ ಕೋನ ಇರುವಂತಿಲ್ಲ. ಮಣಿಕಟ್ಟಿಗೆ ಆಸರೆ ಆಗುವಂತಿಲ್ಲ. ಹೆಬ್ಬೆರಳಿನ ಕಡೆ ಉಬ್ಬು ಜಾಸ್ತಿ ಬಿಟ್ಟರೂ ಕಷ್ಟ, ಇಡೀ ಪಿಸ್ತೂಲು 420, 200, 50 ಮಿಲಿಮೀಟರಿನ ಡಬ್ಬಿಯೊಳಗೆ ಹಿಡಿಸಬೇಕು. ಆ 50 ಇದೆಯಲ್ಲ, ಪಿಸ್ತೂಲು ಅಳೆದು ನೋಡುವ ತಪಾಸಣೆಯ ಮೇಜಿನಲ್ಲಿ ಕೈ ಕೊಡೋದು ಅದೇ.

ವಾರ್ನಿಷ್ ಬೇಡವೇ ಬೇಡ. ಏಪ್ರಿಲ್ ಬೆವರಿಗೆ ಜಾರುತ್ತೆ. ಚೂಪು ಮಾಡಿದ ಮೊಳೆಯಲ್ಲಿ ಮರದ ಮೇಲೆ ಒತ್ತೊತ್ತಾಗಿ ಚುಕ್ಕಿ ಹೊಡೆದು, ಅಗಸೆ ಎಣ್ಣೆ ತೆಳ್ಳಗೆ ಹಚ್ಚಿ ಒಣಗಿಸಿ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ತಾನಾಗೇ ಬೆಂಕಿ ಹತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಹರವಿ.

ಇನ್ನು ಮಕ್ಕಳ ವಿಷಯ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಿಸ್ತೂಲ್ ಶೂಟರ್ ಮನು ಭಾಕರ್ ಪದಕ ಗೆದ್ದ ಮೇಲೆ ಮಗಳಿಗೆ ಸ್ಪೆಷಲ್ ಗ್ರಿಪ್ ಬೇಕು ಅಂತ ಕೇಳುವ ಅಪ್ಪಂದಿರು ಜಾಸ್ತಿ ಆಗಿದ್ದಾರೆ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ನಾನು ಮರ ಕೊರೆಯಲ್ಲ. ಕೈ ಇನ್ನೂ ಬೆಳೆಯುತ್ತಿರುತ್ತೆ. ಇರುವ ಗ್ರಿಪ್ಪಿಗೇ ಎಂ-ಸೀಲ್ ಮೆತ್ತಿ, ಹಸಿ ಇರುವಾಗಲೇ ತೆಳು ಪ್ಲಾಸ್ಟಿಕ್ ಹೊದಿಸಿ ಹಿಡಿಸಿ ಅಚ್ಚು ತೆಗೆದು, ಗಟ್ಟಿಯಾದ ಮೇಲೆ ಉಜ್ಜಿ ಕೊಡುತ್ತೇನೆ. ನೋಡೋಕೆ ಚಂದ ಇರಲ್ಲ, ಅಪ್ಪಂದಿರ ಮುಖ ಸಪ್ಪಗಾಗುತ್ತೆ. ಮಕ್ಕಳು ಮಾತ್ರ ಒಮ್ಮೆ ಹಿಡಿದ ಮೇಲೆ ವಾಪಸ್ ಕೊಡಲ್ಲ.